ಗ್ಯಾರೇಜ್ ಮಾತು: ಎಫ್1 ಮುಂದೋ, ಇಂಡಿಕಾರ್ ಮುಂದೋ?

ಹೋದ ಸಂಚಿಕೆಯಲ್ಲಿ ಬ್ರೇಕ್ ಪ್ಯಾಡ್ ಬಗ್ಗೆ ಬರೆಯುತ್ತಾ ಮಾತಿಗೆ ಮಾತು ಬಂದು, ‘ಚಕ್ರ ಹೊರಗಿರುವ ರೇಸ್ ಕಾರುಗಳಲ್ಲಿ ಫಾರ್ಮುಲಾ ಒನ್‌ (ಎಫ್1) ಮೀರಿಸಿದ್ದು ಯಾವುದೂ ಇಲ್ಲ’ ಅಂತ ಒಂದು ಸಾಲು ಹಾಕಿಬಿಟ್ಟಿದ್ದೆ. ಬ್ರೇಕ್ ಪ್ಯಾಡಿಗೆ ಬಂದ ಪತ್ರ ಎರಡು, ಆ ಒಂದು ಸಾಲಿಗೆ ಬಂದದ್ದು ಒಂದು ಕಟ್ಟು. ಹಾಗಾಗಿ ಈ ತಿಂಗಳ ಅಂಕಣ ಪೂರ್ತಿ ರೇಸ್ ಕಾರುಗಳಿಗೇ. ಆಲ್ಟೊ ಕ್ಲಚ್ ಬಗ್ಗೆ ಕೇಳಿದವರು ಇನ್ನೊಂದು ತಿಂಗಳು ತಡೆದುಕೊಳ್ಳಿ. ಅಲ್ಲಿಯವರೆಗೆ ಕ್ಲಚ್ ಪೆಡಲ್ ಮೇಲೆ ಕಾಲಿಟ್ಟುಕೊಂಡು ಓಡಿಸಬೇಡಿ, ಅರ್ಧ ಕಾಯಿಲೆ ಅಲ್ಲೇ ವಾಸಿ.

*

ಪ್ರಶ್ನೆ: ನಿಮ್ಮ ಸಾಲು ತಪ್ಪು. ಮಗಳು-ಅಳಿಯ ಅಮೆರಿಕದ ಇಂಡಿಯಾನಾದಲ್ಲಿದ್ದಾರೆ. 2023ರಲ್ಲಿ ಅಲ್ಲಿಗೆ ಹೋದಾಗ ಇಂಡಿಯಾನಾಪೊಲಿಸ್ 500ರ ಅರ್ಹತಾ ಓಟವನ್ನು ಕಣ್ಣಾರೆ ಕಂಡೆ. ಅಲೆಕ್ಸ್ ಪಲೋ ನಾಲ್ಕು ಸುತ್ತಿನ ಸರಾಸರಿ ಗಂಟೆಗೆ 234.217 ಮೈಲಿ ಮಾಡಿದರು. ಅಂದರೆ 377 ಕಿ.ಮೀ. ಎಫ್1ನ ಅತಿ ವೇಗದ ಟ್ರ್ಯಾಕ್ ಮೊಂಜಾದಲ್ಲಿ 2025ರಲ್ಲಿ ವೆರ್‌ಸ್ಟಾಪನ್ ಮಾಡಿದ ದಾಖಲೆ ಸರಾಸರಿಯೇ 264.681. ನೂರು ಕಿ.ಮೀ.ಗೂ ಮೀರಿದ ವ್ಯತ್ಯಾಸ! ಈಗೇನಂತೀರಿ?
— ನಿವೃತ್ತ ಬ್ಯಾಂಕ್ ನೌಕರರು, ಹುಬ್ಬಳ್ಳಿ

ಉತ್ತರ: ಸಾರ್, ಲೆಡ್ಜರ್ ಬರೆದ ಕೈ ಅಂತ ಗೊತ್ತಾಗುತ್ತೆ, ಅಂಕಿ ಎಲ್ಲ ಸರಿ. ಆದರೆ ಎರಡು ಬೇರೆ ಖಾತೆಯ ಬ್ಯಾಲೆನ್ಸ್ ಪಕ್ಕಪಕ್ಕ ಇಟ್ಟು ಕಳೆದಿದ್ದೀರಿ. ನೀವು ಕಂಡದ್ದು ಇಂಡಿಕಾರ್ ಅನ್ನುವ ಅಮೆರಿಕದ ರೇಸ್ ಸರಣಿಯ ಕಾರು. ಇಂಡಿಯಾನಾಪೊಲಿಸ್ ಅಂದರೆ ಎರಡೂವರೆ ಮೈಲಿಯ ಓವಲ್, ಮೊಟ್ಟೆಯಾಕಾರದ ಟ್ರ್ಯಾಕ್. ನಾಲ್ಕೇ ತಿರುವು, ನಾಲ್ಕೂ ಎಡಕ್ಕೆ. ಅರ್ಹತಾ ಓಟದಲ್ಲಿ ಒಳ್ಳೆಯ ಡ್ರೈವರ್ ಆಕ್ಸಿಲರೇಟರ್ ಬಿಡುವುದೇ ಅಪರೂಪ. ಮೊಂಜಾದಲ್ಲಿ ಮೂರು ಕಡೆ ಚಿಕೇನ್ (ವೇಗ ತಡೆಯಲು ಹಾಕಿದ ಅಂಕುಡೊಂಕು) ಇದೆ. ಮುನ್ನೂರು ದಾಟಿದ ಕಾರನ್ನು ನಮ್ಮ ಸಿಲ್ಕ್ ಬೋರ್ಡ್ ಸಿಗ್ನಲ್ಲಿಗೆ ತಂದ ಹಾಗೆ ತಡೆದು ತಿರುಗಿಸಬೇಕು.

ಎರಡನ್ನೂ ಅಳೆಯಬೇಕಾದರೆ ಒಂದೇ ಟ್ರ್ಯಾಕ್ ಬೇಕು, ಸಾಧ್ಯವಾದರೆ ಒಂದೇ ವರ್ಷ. ನಮ್ಮ ಅದೃಷ್ಟಕ್ಕೆ ಅಂಥದ್ದೊಂದು ಇದೆ. ಟೆಕ್ಸಸ್‌ನ ಆಸ್ಟಿನ್ ಪಕ್ಕದ ‘ಸರ್ಕ್ಯೂಟ್ ಆಫ್ ದಿ ಅಮೆರಿಕಾಸ್’. ಉದ್ದ 5.513 ಕಿ.ಮೀ., 20 ತಿರುವು. 2019ರ ಮಾರ್ಚ್‌ನಲ್ಲಿ ಅಲ್ಲಿಗೆ ಇಂಡಿಕಾರ್ ಬಂತು, ವಿಲ್ ಪವರ್ ಪೋಲ್ (ಅರ್ಹತಾ ಓಟದ ಮೊದಲ ಸ್ಥಾನ) ಗೆದ್ದದ್ದು 1 ನಿಮಿಷ 46.017 ಸೆಕೆಂಡಿನಲ್ಲಿ. ಅದೇ ವರ್ಷದ ಕೊನೆಗೆ ಎಫ್1 ಬಂತು, ವಾಲ್ಟೆರಿ ಬೊಟಾಸ್ 1 ನಿಮಿಷ 32.029. ಹದಿನಾಲ್ಕು ಸೆಕೆಂಡ್! ಸರಾಸರಿ ವೇಗಕ್ಕೆ ತಿರುಗಿಸಿದರೆ ಒಂದು 187 ಕಿ.ಮೀ., ಇನ್ನೊಂದು 216. ಅಂದರೆ ಏಳೆಂಟು ಸುತ್ತು ಕಳೆಯುವ ಹೊತ್ತಿಗೆ ಎಫ್1 ಕಾರು ಇಂಡಿಕಾರನ್ನು ಒಂದು ಪೂರ್ತಿ ಸುತ್ತು ಹಿಂದೆ ಹಾಕಿರುತ್ತೆ.

ಆ ಹದಿನಾಲ್ಕು ಸೆಕೆಂಡ್ ಎಲ್ಲಿ ಹೋಯಿತು? ಸ್ಟ್ರೇಟ್‌ನಲ್ಲಿ ಅಂತ ಹೆಚ್ಚಿನವರು ಅಂದುಕೊಳ್ಳುತ್ತಾರೆ. ನಾನೂ ಒಂದು ಕಾಲದಲ್ಲಿ ಅಂದುಕೊಂಡಿದ್ದೆ, ಅದಕ್ಕೆ ದಂಡವನ್ನೂ ತೆತ್ತೆ. ಕೇಳಿ.

ಶ್ರೀಪೆರಂಬುದೂರಿನ ಟ್ರ್ಯಾಕಿಗೆ ನಾವು ಟಾಟಾ 407ರಲ್ಲಿ ಕಾರು ಹೇರಿಕೊಂಡು ರಾತ್ರಿಯೆಲ್ಲ ಹೋಗುತ್ತಿದ್ದ ದಿನಗಳು. ಆಂಬೂರಿನಲ್ಲಿ ಬಿರಿಯಾನಿ, ಬೆಳಗಿನ ಜಾವ ಪಿಟ್‌ನಲ್ಲಿ ಟಾರ್ಪಾಲಿನ್ ಹಾಸಿ ಒಂದು ಗಂಟೆ ನಿದ್ದೆ. ಒಬ್ಬ ಹುಡುಗ ರೆಕ್ಕೆ ಇದ್ದ ಸೆಕೆಂಡ್ ಹ್ಯಾಂಡ್ ಸಿಂಗಲ್ ಸೀಟರ್ ತಂದಿದ್ದ. ಸ್ಟ್ರೇಟ್‌ನಲ್ಲಿ ಪಕ್ಕದವರು ಎಳೆದುಕೊಂಡು ಹೋಗುತ್ತಿದ್ದಾರೆ ಅಂತ ಅವನ ಗೋಳು. ನಾನು ಜಾಣ. ಹಿಂದಿನ ರೆಕ್ಕೆಯ ಬೋಲ್ಟ್ ಬಿಚ್ಚಿ ಎರಡು ತೂತು ಕೆಳಗೆ ಇಳಿಸಿ ಚಪ್ಪಟೆ ಮಾಡಿ ಕೂರಿಸಿದೆ. ಗಾಳಿಯ ತಡೆ ಕಡಿಮೆಯಾಯಿತು, ಕಾರು ಸ್ಟ್ರೇಟ್‌ನಲ್ಲಿ ಬಾಣದ ಹಾಗೆ ಬಂತು. ಹುಡುಗ ಹೆಬ್ಬೆರಳು ತೋರಿಸಿಕೊಂಡೇ ಹೋದ. ನಾನು ಸ್ಟಾಪ್‌ವಾಚ್ ನೋಡಿದೆ, ಸುತ್ತು ಒಂದೂವರೆ ಸೆಕೆಂಡ್ ನಿಧಾನ. ಗುಂಡಿ ಸರಿಯಾಗಿ ಒತ್ತಲಿಲ್ಲವೇನೋ ಅಂತ ಇನ್ನೊಂದು ಸುತ್ತು ಅಳೆದೆ. ಇನ್ನೂ ನಿಧಾನ. ಮೂರನೇ ಸುತ್ತಿಗೆ ಅವನು ಬರಲೇ ಇಲ್ಲ. ಸ್ಟ್ರೇಟ್ ಮುಗಿದ ಮೇಲಿನ ತಿರುವಿನಲ್ಲಿ ಹಿಂಭಾಗ ಜಾರಿ ಕಾರು ಮಣ್ಣಿನಲ್ಲಿ ಹೂತಿತ್ತು. ಹಗ್ಗ ಕಟ್ಟಿ ಎಳೆದು ತಂದು, ಸಂಜೆಯವರೆಗೂ ರೇಡಿಯೇಟರಿನಿಂದ ಕೆಂಪು ಮಣ್ಣು ಕೆರೆದೆ. ಸ್ಟ್ರೇಟ್‌ನಲ್ಲಿ ಗಳಿಸಿದ್ದು ಚಿಲ್ಲರೆ, ತಿರುವಿನಲ್ಲಿ ಕಳೆದದ್ದು ನೋಟು.

ರೆಕ್ಕೆಯ ಕೆಲಸ ಇಷ್ಟೆ. ಎಸ್.ಪಿ. ರೋಡಿನಿಂದ ತಗಡಿನ ಷೀಟು ಕೊಂಡು ಲಗೇಜ್ ಆಟೋದಲ್ಲಿ ಹಾಕಿಕೊಂಡು ಬಂದವರಿಗೆ ಗೊತ್ತು, ಮುಂದಿನ ಅಂಚು ಒಂದಿಷ್ಟು ಮೇಲೆದ್ದರೆ ಸಾಕು, ಹಿಡಿದುಕೊಂಡವನನ್ನೂ ಸೇರಿಸಿ ಎತ್ತಲು ನೋಡುತ್ತೆ. ಅದೇ ಷೀಟಿನ ಮುಂದಿನ ಅಂಚು ಕೆಳಗಿದ್ದರೆ ಗಾಳಿ ಅದನ್ನು ಒತ್ತಿ ಹಿಡಿಯುತ್ತೆ. ರೇಸ್ ಕಾರಿನ ರೆಕ್ಕೆ, ತಳದ ಹಲಗೆ ಎಲ್ಲ ಆ ಎರಡನೆಯ ಕೆಲಸಕ್ಕೆ. ವೇಗ ಎರಡು ಪಟ್ಟಾದರೆ ಒತ್ತುವ ಬಲ ನಾಲ್ಕು ಪಟ್ಟು. ಎಫ್1 ಕಾರನ್ನು ಪೂರ್ತಿ ವೇಗದಲ್ಲಿ ಒತ್ತುವ ಗಾಳಿ ಅದರ ತೂಕವನ್ನೇ ಮೀರಿಸುತ್ತೆ. ಟೈರು ರಸ್ತೆಗೆ ಅಂಟಿಕೊಂಡಷ್ಟೂ ಬ್ರೇಕ್ ತಡವಾಗಿ ಹಿಡಿಯಬಹುದು, ತಿರುವಿನಲ್ಲಿ ಹೆಚ್ಚು ವೇಗ ಉಳಿಸಿಕೊಳ್ಳಬಹುದು. ಆಸ್ಟಿನ್‌ನ 20 ತಿರುವಿಗೆ ಹದಿನಾಲ್ಕು ಸೆಕೆಂಡ್ ಹಂಚಿ ನೋಡಿ, ಒಂದಕ್ಕೆ ಮುಕ್ಕಾಲು ಸೆಕೆಂಡ್‌ ಕೂಡ ಬರಲ್ಲ. ಹಾಗೆ ಅಷ್ಟಷ್ಟೇ ಕಿತ್ತುಕೊಂಡದ್ದು ಅದು.

ಹಾಗಂತ ಇಂಡಿಕಾರನ್ನು ಕೀಳಾಗಿ ಕಾಣಬೇಡಿ. ಎಫ್1ನಲ್ಲಿ ಪ್ರತಿ ತಂಡ ತನ್ನ ಕಾರನ್ನು ತಾನೇ ಕಟ್ಟುತ್ತೆ. ಇಂಡಿಕಾರ್‌ನಲ್ಲಿ ಎಲ್ಲರದ್ದೂ ಡಲ್ಲಾರಾ ಕಂಪನಿಯ ಒಂದೇ ಚಾಸಿಸ್, 2012ರಲ್ಲಿ ಬಂದದ್ದನ್ನೇ ತಿದ್ದಿ ತೀಡಿ ಓಡಿಸುತ್ತಿದ್ದಾರೆ. 2.2 ಲೀಟರ್ ಟ್ವಿನ್ ಟರ್ಬೊ ವಿ6 ಎಂಜಿನ್, ಶೆವ್ರೊಲೆ ಅಥವಾ ಹೋಂಡಾ. ಪವರ್ ಸ್ಟೀರಿಂಗ್ ಇಲ್ಲ! ಎಫ್1ನಿಂದ ಅಲ್ಲಿಗೆ ಹೋದವರು ಮೊದಲು ಹೇಳಿಕೊಳ್ಳುವುದು ಭುಜದ ನೋವಿನ ಬಗ್ಗೆ. ಅದೇ ಚಾಸಿಸ್ ಈ ವಾರ ಊರಿನ ಬೀದಿಯಲ್ಲಿ, ಮುಂದಿನ ವಾರ ಓವಲ್‌ನಲ್ಲಿ ಓಡಬೇಕು. ಓವಲ್‌ಗೆ ಹೋಗುವಾಗ ದೊಡ್ಡ ರೆಕ್ಕೆ ಬಿಚ್ಚಿ ಅಟ್ಟದ ಹಲಗೆಯಂಥ ತೆಳು ರೆಕ್ಕೆ ಕಟ್ಟುತ್ತಾರೆ. ನಾನು ಶ್ರೀಪೆರಂಬುದೂರಿನಲ್ಲಿ ಮಾಡಿದ ಮೂರ್ಖ ಕೆಲಸವೇ ಅಲ್ಲಿ ಜಾಣತನ.

ಇನ್ನು ಎಫ್1 ಕಾರನ್ನು ಓವಲ್‌ಗೆ ಒಯ್ದರೆ? ಇದ್ದ ಹಾಗೇ ಒಯ್ದರೆ ಫಜೀತಿ, ಅದಕ್ಕೆ ಸಾಕ್ಷಿಯೂ ಇದೆ. ಇಂಡಿಯಾನಾಪೊಲಿಸ್‌ನಲ್ಲಿ 2000ದಿಂದ 2007ರವರೆಗೆ ಎಫ್1 ನಡೆಯುತ್ತಿತ್ತು. ಟ್ರ್ಯಾಕ್ ಬೇರೆಯಾದರೂ ಓವಲ್‌ನ ಒಂದು ವಾಲು ತಿರುವು ಮಾತ್ರ ಅದರಲ್ಲಿ ಸೇರಿಕೊಂಡಿತ್ತು. ಒಂದೇ ಒಂದು! 2005ರಲ್ಲಿ ಆ ಒಂದು ತಿರುವಿನ ಭಾರಕ್ಕೆ ಮಿಶೆಲಿನ್ ಟೈರು ತಾಳಲಿಲ್ಲ. ಅಭ್ಯಾಸದಲ್ಲೇ ರಾಲ್ಫ್ ಶುಮಾಕರ್ ಗೋಡೆಗೆ ಹೊಡೆದರು. ರೇಸ್ ದಿನ ಫಾರ್ಮೇಶನ್ ಲ್ಯಾಪ್ (ರೇಸ್ ಶುರುವಿಗೆ ಮುಂಚಿನ ಸುತ್ತು) ಮುಗಿಸಿ 14 ಕಾರು ಸಾಲಾಗಿ ಪಿಟ್‌ಗೆ ವಾಪಸ್. ಬ್ರಿಡ್ಜ್‌ಸ್ಟೋನ್ ಟೈರಿನ ಆರೇ ಕಾರು ಓಡಿದವು. ಅದರಲ್ಲಿ ಜೋರ್ಡನ್ ತಂಡದ ನಮ್ಮ ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ ನಾಲ್ಕನೆಯವರು. ಎಫ್1ನಲ್ಲಿ ಭಾರತೀಯನೊಬ್ಬನಿಗೆ ಮೊದಲ ಅಂಕಗಳು ಬಂದದ್ದು ಹಾಗೆ. ಆರರಲ್ಲಿ ನಾಲ್ಕು ಅಂತ ಆಡಿಕೊಂಡವರು ನಮ್ಮ ಗ್ಯಾರೇಜಿನಲ್ಲೂ ಇದ್ದರು, ಅವರಿಗೆ ಆ ದಿನ ನಾನು ಟೀ ಕೊಡಿಸಲಿಲ್ಲ.

ಓವಲ್‌ನ ಭಾರ ಎಂಥದ್ದು ಅಂತ ಇನ್ನೊಂದು ಮಾತು. 2001ರ ಏಪ್ರಿಲ್, ಟೆಕ್ಸಸ್ ಮೋಟಾರ್ ಸ್ಪೀಡ್‌ವೇ. ಒಂದೂವರೆ ಮೈಲಿಯ ಓವಲ್, ತಿರುವುಗಳು 24 ಡಿಗ್ರಿ ವಾಲು. ಅಂದಿನ ಕಾರ್ಟ್ ಸರಣಿಯ (ಇಂಡಿಕಾರ್ ಥರದ್ದೇ ಇನ್ನೊಂದು ಅಮೆರಿಕನ್ ಸರಣಿ) ಕಾರುಗಳು ಅಲ್ಲಿ ಗಂಟೆಗೆ 230 ಮೈಲಿ ಮೀರಿ ಸುತ್ತಿದವು. ಅಭ್ಯಾಸ ಮುಗಿಸಿ ಇಳಿದ ಡ್ರೈವರ್‌ಗಳಲ್ಲಿ ಬಹುಪಾಲು ಜನಕ್ಕೆ ತಲೆ ಸುತ್ತು, ಕಣ್ಣು ಮಂಜು. ವೈದ್ಯರು ನೋಡಿದರೆ, ಮೈಮೇಲೆ 5 ಜಿ, ಅಂದರೆ ತನ್ನ ತೂಕದ ಐದರಷ್ಟು ಭಾರ ಸುತ್ತಿನ ಬಹುಹೊತ್ತು ಕೂತಿರುತ್ತೆ! ಎಫ್1ನಲ್ಲೂ 5 ಜಿ ಇದೆ, ಆದರೆ ಬಂದು ಹೋಗುತ್ತೆ. ತಿರುವು ದಾಟಿದರೆ ಉಸಿರು ಬಿಡಬಹುದು. ಇಲ್ಲಿ ಇಪ್ಪತ್ತಮೂರು ಸೆಕೆಂಡಿಗೊಂದು ಸುತ್ತು, ಬಿಡುವೇ ಇಲ್ಲ. ಶುರುವಾಗಲು ಎರಡು ಗಂಟೆ ಇರುವಾಗ ರೇಸ್ ರದ್ದಾಯಿತು. ಕಾರು ಓಡಲು ತಯಾರಿತ್ತು, ಮನುಷ್ಯನ ಮೈ ಇರಲಿಲ್ಲ.

ಫರ್ನಾಂಡೊ ಅಲೊನ್ಸೊ ಕಥೆ ನಿಮಗೆ ಗೊತ್ತಿರಬೇಕು. ಎರಡು ಸಲದ ಎಫ್1 ಚಾಂಪಿಯನ್. 2017ರಲ್ಲಿ ಇಂಡಿ 500ಗೆ ಹೋಗಿ ಐದನೇ ಜಾಗದಿಂದ ಹೊರಟು, 27 ಸುತ್ತು ಮುಂದಿದ್ದು, ಕೊನೆಗೆ ಎಂಜಿನ್ ಹೋಯಿತು. 2019ರಲ್ಲಿ ಮತ್ತೆ ಹೋದರೆ ಮೊದಲ 33ರಲ್ಲೇ ಜಾಗ ಸಿಗಲಿಲ್ಲ, ಅರ್ಹತೆಯೇ ಇಲ್ಲ. ಹಾಗಾಗಿ ನನ್ನ ಸಾಲನ್ನು ತಿದ್ದುತ್ತೇನೆ ಸಾರ್: ‘ತಿರುವು ಇರುವ ಕಡೆ ಎಫ್1 ಮೀರಿಸಿದ್ದಿಲ್ಲ.’ ಇಂಡಿಯಾನಾ ಅಳಿಯಂದಿರಿಗೆ ನನ್ನ ನಮಸ್ಕಾರ ತಿಳಿಸಿ.

*

ಪ್ರಶ್ನೆ: ಚಕ್ರ ಹೊರಗಿದ್ದರೆ ಗಾಳಿಯ ತಡೆ ಜಾಸ್ತಿ ಅಂತ ನಮ್ಮ ಲೆಕ್ಚರರ್ ಹೇಳಿದರು. ಹಾಗಿದ್ದರೆ ಮುಚ್ಚಿಬಿಟ್ಟರೆ ಇನ್ನೂ ವೇಗ ಅಲ್ಲವೇ?
— ಮೆಕ್ಯಾನಿಕಲ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಹೌದಪ್ಪ, ನಿಮ್ಮ ಮೇಷ್ಟ್ರು ಸರಿ. ಉರುಳುವ ಚಕ್ರದ ತಳ ರಸ್ತೆಗೆ ತಾಗಿದ ಕಡೆ ನಿಂತಿರುತ್ತೆ, ನೆತ್ತಿ ಮಾತ್ರ ಕಾರಿನ ಎರಡರಷ್ಟು ವೇಗದಲ್ಲಿ ಮುಂದೆ ನುಗ್ಗುತ್ತಿರುತ್ತೆ. ಕಾರು 300ರಲ್ಲಿದ್ದರೆ ಟೈರಿನ ನೆತ್ತಿ 600ರಲ್ಲಿ ಗಾಳಿಗೆ ಎದೆಯೊಡ್ಡಿದೆ. ಅಂಥವು ನಾಲ್ಕು. ಹಿಂದೆ ಎಬ್ಬಿಸುವ ಸುಳಿ ಬೇರೆ. ನೋಟ್‌ಬುಕ್ಕಿನಲ್ಲಿ ಒಂದು ವೃತ್ತ ಬರೆದು ಲೆಕ್ಕ ಹಾಕಿ, ಪರೀಕ್ಷೆಗೂ ಆಗುತ್ತೆ.

ಮುಚ್ಚಿ ನೋಡಿದವರೂ ಇದ್ದಾರೆ. 2018ರಲ್ಲಿ ಪೋರ್ಷೆಯವರು ತಮ್ಮ ಲೆ ಮಾನ್ಸ್ (24 ಗಂಟೆಯ ರೇಸ್) ಕಾರು 919ಕ್ಕೆ ರೂಲ್ ಬುಕ್ಕಿನ ಹಗ್ಗ ಬಿಚ್ಚಿ ‘ಇವೊ’ ಅಂತ ಮಾಡಿ, ಬೆಲ್ಜಿಯಂನ ಸ್ಪಾದಲ್ಲಿ ಬಿಟ್ಟರು. ನೀಲ್ ಯಾನಿ ಓಡಿಸಿ 1:41.770 ಮಾಡಿದರು. ಅದರ ಹಿಂದಿನ ವರ್ಷ ಅದೇ ಸ್ಪಾದಲ್ಲಿ ಹ್ಯಾಮಿಲ್ಟನ್ ಅವರ ಎಫ್1 ಪೋಲ್ 1:42.553. ಚಕ್ರ ಮುಚ್ಚಿದ ಕಾರು ಮುಕ್ಕಾಲು ಸೆಕೆಂಡ್ ಮುಂದೆ! 2020ಕ್ಕೆ ಹ್ಯಾಮಿಲ್ಟನ್ 1:41.252 ಮಾಡಿ ಲೆಕ್ಕ ಚುಕ್ತಾ ಮಾಡಿದರು, ಅದೂ ನಿಯಮದೊಳಗೇ ಇದ್ದ ಕಾರಿನಲ್ಲಿ.

ಮತ್ತೆ ಯಾಕೆ ತೆರೆದಿಟ್ಟಿದ್ದಾರೆ ಅಂದರೆ, ರೂಲ್ ಹಾಗಿದೆ. ಚಕ್ರ ಮುಚ್ಚಿದ ದಿನ ಅದು ಬೇರೆ ಜಾತಿಯ ಕಾರು. ಯಾವ ಕಾರು ಎಷ್ಟು ವೇಗ ಅನ್ನುವುದು ಎಂಜಿನಿಯರ್ ಎಷ್ಟು ಬುದ್ಧಿವಂತ ಅನ್ನುವುದಕ್ಕಿಂತ ರೂಲ್ ಬರೆದವನು ಎಲ್ಲಿ ಗೆರೆ ಎಳೆದ ಅನ್ನುವುದರ ಮೇಲೆ ನಿಂತಿದೆ. ತೂಕವನ್ನೇ ತಗೊಳ್ಳಿ. ಎಫ್1 ಕಾರಿನ ಕನಿಷ್ಠ ತೂಕ 2021ರಲ್ಲಿ 752 ಕಿಲೊ, 2025ಕ್ಕೆ 800, 2026ರ ನಿಯಮದಲ್ಲಿ 768. ಅದಕ್ಕೇ ಒಂದೇ ವರ್ಷದ ಸಮಯ ಹೋಲಿಸಿ ಅಂತ ಬಡಕೊಳ್ಳುವುದು. ಬೇರೆ ಬೇರೆ ವರ್ಷದ್ದು ಹೋಲಿಸಿದರೆ, ಮೊದಲು ಆ ಮಧ್ಯೆ ರೂಲ್ ಏನಾಯಿತು ಅಂತ ನೋಡು.

*

ಪ್ರಶ್ನೆ: ನಾನು ಹೆಸ್ಕಾಂನಲ್ಲಿ ಲೈನ್‌ಮನ್. ಕರೆಂಟಿನ ಕಾರು ಪಿಕಪ್‌ನಲ್ಲಿ ಪೆಟ್ರೋಲಿನದ್ದನ್ನು ಹಿಂದೆ ಹಾಕುತ್ತದೆ ಎನ್ನುತ್ತಾರೆ. ಹಾಗಾದರೆ ಫಾರ್ಮುಲಾ ಇ ಕಾರು ಎಫ್1ಗಿಂತ ಯಾಕೆ ನಿಧಾನ? ಎಷ್ಟು ನಿಧಾನ?
— ಸಿರಸಿ

ಉತ್ತರ: ಮೊನಾಕೊ ಹಿಡಿಯೋಣ. 2021ರ ಮೇ ತಿಂಗಳಲ್ಲಿ ಮೂರು ಜಾತಿಯ ಕಾರುಗಳು ಹೆಚ್ಚುಕಡಿಮೆ ಅದೇ ಬೀದಿಗಳಲ್ಲಿ ಓಡಿದವು. ಫಾರ್ಮುಲಾ ಇಗೆ ಒಂದೆರಡು ಕಡೆ ಅಲ್ಪಸ್ವಲ್ಪ ಬದಲಾವಣೆ ಇತ್ತು, ಅಷ್ಟೆ. ಎಫ್1ನಲ್ಲಿ ಲೆಕ್ಲೇರ್ 1:10.346. ಎಫ್1ಗಿಂತ ಒಂದು ಮೆಟ್ಟಿಲು ಕೆಳಗಿನ ಎಫ್2ನಲ್ಲಿ ಪೂರ್‌ಶೇರ್ 1:20.985. ಫಾರ್ಮುಲಾ ಇಯಲ್ಲಿ ಫೆಲಿಕ್ಸ್ ಡಾ ಕೋಸ್ಟಾ 1:31.317. ಮೆಟ್ಟಿಲಿಗೆ ಮೆಟ್ಟಿಲು ಹತ್ತು ಸೆಕೆಂಡ್!

ಕಾರಣ ನಿಮ್ಮ ಇಲಾಖೆಯ ಭಾಷೆಯಲ್ಲೇ ಹೇಳುತ್ತೇನೆ. ಆಗಿನ ಫಾರ್ಮುಲಾ ಇ ಕಾರಿನ ಬ್ಯಾಟರಿಯಿಂದ ರೇಸಿಗೆ ಸಿಗುತ್ತಿದ್ದದ್ದು 52 ಯೂನಿಟ್. ಮುಕ್ಕಾಲು ಗಂಟೆ ಅಷ್ಟರಲ್ಲೇ ಸಂಸಾರ ತೂಗಿಸಬೇಕು. ಗೃಹಜ್ಯೋತಿಯ ಇನ್ನೂರು ಯೂನಿಟ್ಟಿನಲ್ಲಿ ಹತ್ತಿರ ಹತ್ತಿರ ನಾಲ್ಕು ಕಾರು ರೇಸ್ ಮುಗಿಸುತ್ತವೆ. ಆಗಿನ ಎಫ್1 ಕಾರಿಗೆ ರೇಸಿಗೆ 110 ಕಿಲೊ ಪೆಟ್ರೋಲ್. ಕಿಲೊಗೆ ಸುಮಾರು 12 ಯೂನಿಟ್ ಶಕ್ತಿ, ಒಟ್ಟು 1300 ಯೂನಿಟ್. ಅದರಲ್ಲಿ ಅರ್ಧ ಬಿಸಿಯಾಗಿ ಹೊರಹೋದರೂ ಉಳಿದದ್ದು 650. ಮೇಲಾಗಿ ಬ್ಯಾಟರಿ ಖಾಲಿಯಾದರೂ ತೂಕ ಇಳಿಯಲ್ಲ. ಟೈರು ಮಳೆಗೂ ಬಿಸಿಲಿಗೂ ಒಂದೇ, ಗೀರು ಇರುವ ರಸ್ತೆ ಟೈರಿನ ಥರದ್ದು, ರೆಕ್ಕೆಯೂ ಸಣ್ಣದು. ಇಷ್ಟೆಲ್ಲ ಕಟ್ಟಿಹಾಕಿ ಬರೀ ಇಪ್ಪತ್ತೊಂದು ಸೆಕೆಂಡ್ ಹಿಂದೆ ಅಂದರೆ ನನಗೆ ಮೆಚ್ಚುಗೆಯೇ.

2023ರ ಫೆಬ್ರವರಿಯಲ್ಲಿ ಹೈದರಾಬಾದಿನ ಹುಸೇನ್ ಸಾಗರದ ದಂಡೆಯ ಮೇಲೆ ಫಾರ್ಮುಲಾ ಇ ನಡೆದಾಗ ಹೋಗಿದ್ದೆ. ಗೆದ್ದದ್ದು ಜ್ಯಾಂ-ಎರಿಕ್ ವೆರ್ನ್. ಹೊಸ ತಲೆಮಾರಿನ ಕಾರು, 350 ಕಿಲೊವ್ಯಾಟ್. ಅದರ ಹಿಂದಿನ ಚಕ್ರಕ್ಕೆ ನಾವು ನೀವು ನೋಡುವಂಥ ಆಯಿಲ್ ಬ್ರೇಕೇ ಇಲ್ಲ! ಮೋಟಾರೇ ಡೈನಮೊ ಆಗಿ ಎಳೆದು ನಿಲ್ಲಿಸುತ್ತೆ, ಆ ಕರೆಂಟ್ ವಾಪಸ್ ಬ್ಯಾಟರಿಗೆ. ನಲವತ್ತು ವರ್ಷ ಬ್ರೇಕ್ ಡ್ರಮ್ ಒರೆಸಿದವನಿಗೆ ಅದನ್ನು ಕೇಳಿ ಸ್ವಲ್ಪ ಹೊಟ್ಟೆ ತೊಳಸಿತು. ಸದ್ದು ಅಂತೂ ಹಿಟ್ಟಿನ ಗಿರಣಿ ದೂರದಲ್ಲಿ ಓಡಿದ ಹಾಗೆ. ಕಾರಿನ ಸದ್ದಿಗಿಂತ ಟೈರು ಜಾರಿದ ಸದ್ದು ಜೋರಾಗಿ ಕೇಳಿಸಿದ್ದು ನನಗೆ ಅಲ್ಲೇ ಮೊದಲು.

*

ಪ್ರಶ್ನೆ: ಎಫ್1ಗೆ ಅತಿ ಹತ್ತಿರ ಬರುವ ಕಾರು ಯಾವುದು? ಎಫ್2 ಇರಬೇಕಲ್ಲವೇ?
— ಔಷಧಿ ಅಂಗಡಿ ಮಾಲೀಕರು, ಮಂಗಳೂರು

ಉತ್ತರ: ಹೆಸರು ನೋಡಿ ಹಾಗನಿಸುತ್ತೆ. ಮೊನಾಕೊ ಲೆಕ್ಕದಲ್ಲಿ ಎಫ್2 ನೂರಕ್ಕೆ ಹದಿನೈದು ನಿಧಾನ. ಆಸ್ಟಿನ್ ಲೆಕ್ಕದಲ್ಲಿ ಇಂಡಿಕಾರೂ ಅಷ್ಟೆ, ಹದಿನೈದು. ಇಬ್ಬರನ್ನೂ ಹಿಂದೆ ಹಾಕುವುದು ಜಪಾನಿನ ಸೂಪರ್ ಫಾರ್ಮುಲಾ. ಸುಜುಕಾದಲ್ಲಿ 2019ರ ಎಫ್1 ಪೋಲ್ ವೆಟ್ಟೆಲ್‌ದು, 1:27.064. 2020ರ ಡಿಸೆಂಬರ್ ಚಳಿಯಲ್ಲಿ ಅದೇ ಟ್ರ್ಯಾಕಿನಲ್ಲಿ ಟೊಮೊಕಿ ನೊಜಿರಿ ಸೂಪರ್ ಫಾರ್ಮುಲಾ ಕಾರಿನಲ್ಲಿ 1:34.442. ನೂರಕ್ಕೆ ಎಂಟೂವರೆ ಮಾತ್ರ.

ತಮಾಷೆ ಏನೆಂದರೆ ಅದರ ಎಂಜಿನ್ ಎರಡು ಲೀಟರಿನ ನಾಲ್ಕು ಸಿಲಿಂಡರ್ ಟರ್ಬೊ, ಸುಮಾರು 550 ಹಾರ್ಸ್‌ಪವರ್. ಎಫ್2 ಎಂಜಿನ್‌ದು 620, ಇಂಡಿಕಾರ್‌ದು ಇನ್ನೂ ಹೆಚ್ಚು. ಆದರೆ ಸೂಪರ್ ಫಾರ್ಮುಲಾ ಕಾರು ಡ್ರೈವರ್ ಸೇರಿ 700 ಕಿಲೊ ಒಳಗೆ. ಹಗುರ ಮೈ, ದೊಡ್ಡ ರೆಕ್ಕೆ, ಮೆದು ಟೈರು. ಸುಜುಕಾದಂಥ ಉದ್ದ ತಿರುವಿನ ಟ್ರ್ಯಾಕ್ ಅದಕ್ಕೆ ಹೇಳಿ ಮಾಡಿಸಿದ್ದು. ಅದನ್ನೇ ಮೊನಾಕೊ ಗಲ್ಲಿಗೆ ತಂದರೆ ಎಂಟೂವರೆಯೇ ಉಳಿಯುತ್ತೆ ಅಂತ ನಾನು ಪಣ ಕಟ್ಟಲ್ಲ.

*

ಪ್ರಶ್ನೆ: ಮೋಟೊಜಿಪಿ ಬೈಕ್ ಎಫ್1 ಕಾರನ್ನು ಸೋಲಿಸುತ್ತಾ?
— ಒಂಬತ್ತನೇ ತರಗತಿ, ಕೋಲಾರ

ಉತ್ತರ: ಇಲ್ಲ ಮರಿ. ನೋಯ್ಡಾ ಪಕ್ಕದ ಬುದ್ಧ್ ಸರ್ಕ್ಯೂಟ್‌ನಲ್ಲಿ ಎರಡೂ ಓಡಿವೆ. 2011ರಲ್ಲಿ ವೆಟ್ಟೆಲ್ ಪೋಲ್ 1:24.178. 2023ರಲ್ಲಿ ಬೆಜೆಕಿ ಬೈಕ್ ಪೋಲ್ 1:43 ಚಿಲ್ಲರೆ, ಅದೂ ಟ್ರ್ಯಾಕನ್ನು ಬೈಕಿಗಾಗಿ ಸ್ವಲ್ಪ ಮಾರ್ಪಡಿಸಿ. ಬೈಕಿಗೆ ನೆಲ ಮುಟ್ಟುವುದು ಎರಡು ಅಂಗೈ ಅಗಲ ರಬ್ಬರ್, ಒತ್ತಿ ಹಿಡಿಯಲು ದೊಡ್ಡ ರೆಕ್ಕೆ ಇಲ್ಲ. ಸ್ಟ್ರೇಟ್‌ನಲ್ಲಿ ಮಾತ್ರ ಜೊತೆ ಬಿಡಲ್ಲ. ನಿನ್ನ ಅಪ್ಪನ ಪಲ್ಸರ್‌ನಲ್ಲಿ ಪರೀಕ್ಷೆ ಮಾಡಬೇಡ.

*

ಪ್ರಶ್ನೆ: ನನ್ನ ಮಗನಿಗೆ ಹನ್ನೆರಡು ವರ್ಷ. ಕಾರ್ಟಿಂಗ್ ಹುಚ್ಚು. ಎಫ್1 ಡ್ರೈವರ್ ಆಗುತ್ತೇನೆ ಎನ್ನುತ್ತಾನೆ. ಯಾವ ಕಾರು ಓಡಿಸಿದರೆ ಬೇಗ ಅಲ್ಲಿಗೆ ಹೋಗಬಹುದು? ಇಂಡಿಕಾರ್ ದಾರಿ ಸುಲಭವೇ?
— ಶಿಕ್ಷಕಿ, ಮೈಸೂರು

ಉತ್ತರ: ತಾಯಿ, ದಾರಿಯನ್ನೂ ಒಂದು ಪಟ್ಟಿ ಮಾಡಿ ಬರೆದಿಟ್ಟಿದ್ದಾರೆ. ಎಫ್1 ಓಡಿಸಲು ಸೂಪರ್ ಲೈಸೆನ್ಸ್ ಬೇಕು, ಅದಕ್ಕೆ ಮೂರು ವರ್ಷದಲ್ಲಿ 40 ಅಂಕ. ಎಫ್2ನಲ್ಲಿ ಮೊದಲ ಮೂರು ಸ್ಥಾನದವರಿಗೂ ಒಂದೇ ಏಟಿಗೆ 40. ಇಂಡಿಕಾರ್‌ನಲ್ಲಿ ಚಾಂಪಿಯನ್‌ಗೆ ಮಾತ್ರ 40. ಎಫ್3 ಚಾಂಪಿಯನ್‌ಗೆ 30. ಎಫ್4 ಚಾಂಪಿಯನ್ ಆದರೆ 12. ಸುತ್ತಿನ ಸಮಯದಲ್ಲಿ ಎಫ್2, ಇಂಡಿಕಾರ್ ಎರಡೂ ಹದಿನೈದು ಪರ್ಸೆಂಟ್ ಅಂದೆನಲ್ಲ. ಅಂಕದ ಪಟ್ಟಿಯಲ್ಲಿ ಮಾತ್ರ ಸಮ ಅಲ್ಲ. ಈ ವಿಷಯದಲ್ಲಿ ನನಗೆ ಸಿಟ್ಟಿದೆ.

ಯಾಕೆ ಅಂತ ಕೇಳಿ. ಮೇಲೆ ಹೇಳಿದ ಆಸ್ಟಿನ್‌ನ 2019ರ ಇಂಡಿಕಾರ್ ರೇಸ್ ಗೆದ್ದವನು ಕೋಲ್ಟನ್ ಹರ್ಟಾ. ಆಗ ಅವನಿಗೆ ಹದಿನೆಂಟು, ಇಂಡಿಕಾರ್ ಗೆದ್ದ ಅತಿ ಕಿರಿಯ. 2022ರಲ್ಲಿ ರೆಡ್ ಬುಲ್‌ನವರು ತಮ್ಮ ಕಿರಿಯ ತಂಡಕ್ಕೆ ಅವನನ್ನು ಕರೆದುಕೊಳ್ಳಲು ನೋಡಿದರು. ಅಂಕ 32 ಇತ್ತು, 40 ಬೇಕಿತ್ತು. ಬಾಗಿಲು ತೆರೆಯಲಿಲ್ಲ. ಇಂಡಿಕಾರ್‌ನಲ್ಲಿ ಇಷ್ಟು ವರ್ಷ ಓಡಿಸಿದವನು ಕೊನೆಗೆ 2026ಕ್ಕೆ ಎಫ್2ಗೆ ಹೋಗಲು ಒಪ್ಪಿಕೊಂಡ. ಎಂ.ಎ. ಮಾಡಿ ಪಾಠ ಹೇಳುತ್ತಿದ್ದವರನ್ನು ಪಿಯುಸಿ ಪರೀಕ್ಷೆ ಬರೆದು ಬಾ ಅಂತ ಕಳಿಸಿದ ಹಾಗೆ.

ನಮ್ಮ ಊರಿನ ಉದಾಹರಣೆ ಬೇಕೆಂದರೆ ಬೆಂಗಳೂರಿನ ಮೈನಿ ಸಹೋದರರು. ಅಣ್ಣ ಅರ್ಜುನ್ 2018ರಲ್ಲಿ ಎಫ್2 ಓಡಿಸಿದರು. ತಮ್ಮ ಕುಶ್ 2025ರಲ್ಲಿ ಮೊನಾಕೊದಲ್ಲಿ ಎಫ್2 ಸ್ಪ್ರಿಂಟ್ ರೇಸ್ ಗೆದ್ದರು, ಅಲ್ಲಿ ಗೆದ್ದ ಮೊದಲ ಭಾರತೀಯ. ರೇವಾ ಕರೆಂಟ್ ಕಾರು ಕಟ್ಟಿದ ಚೇತನ್ ಮೈನಿ ಅವರ ಮನೆತನ. ಈ ಮಾತನ್ನು ಯಾಕೆ ಹೇಳಿದೆ ಅಂದರೆ, ದುಡ್ಡು ಮತ್ತು ಕಾರು ಎರಡೂ ತಿಳಿದ ಮನೆಯಿಂದ ಹೋದವರಿಗೂ ಅದು ಹದಿನೈದು ವರ್ಷದ ಕೆಲಸ. ಮಗನನ್ನು ಕಾರ್ಟಿಂಗ್‌ಗೆ ಕಳಿಸಿ, ಖಂಡಿತ ಕಳಿಸಿ. ಓಡಿಸುವುದರ ಜೊತೆಗೆ ಅವನ ಕೈಗೆ ಸ್ಪ್ಯಾನರ್ ಕೂಡ ಕೊಡಿಸಿ. ಮನೆ ಮಾತ್ರ ಅಡ ಇಡಬೇಡಿ.

*

ಪ್ರಶ್ನೆ: ಶೋಲಾವರಂ ಏರ್‌ಸ್ಟ್ರಿಪ್ ರೇಸುಗಳನ್ನು ನೋಡಿದ ತಲೆ ನನ್ನದು. ಫಾರ್ಮುಲಾ ಮಾರುತಿ ಕಾರುಗಳು ನೆನಪಾಗುತ್ತವೆ. ಅವು ಈ ಪಟ್ಟಿಯಲ್ಲಿ ಎಲ್ಲಿ ನಿಲ್ಲುತ್ತವೆ?
— ಕಾಫಿ ಬೆಳೆಗಾರರು, ಚಿಕ್ಕಮಗಳೂರು

ಉತ್ತರ: ಕೆಳಗಿನಿಂದ ಮೊದಲು! ಕೊಯಮತ್ತೂರಿನ ಎಸ್. ಕರಿವರ್ಧನ್ ಮಾರುತಿ 800ರ ಎಂಜಿನ್ ತೆಗೆದು ಸಿಂಗಲ್ ಸೀಟರಿಗೆ ಕೂರಿಸಿದರು. ರಸ್ತೆಯ ಮಾರುತಿಯಲ್ಲಿ ಆ ಮೂರು ಸಿಲಿಂಡರ್ ಎಂಜಿನ್ ಕೊಡುತ್ತಿದ್ದದ್ದು ನಲವತ್ತರ ಆಸುಪಾಸಿನ ಹಾರ್ಸ್‌ಪವರ್. ಎಫ್1 ಸಾವಿರ. ಇಪ್ಪತ್ತೈದು ಮಾರುತಿಗಳನ್ನು ನೊಗಕ್ಕೆ ಕಟ್ಟಬೇಕು.

ಆದರೆ ಎಲ್ಲರ ಕೈಲೂ ಒಂದೇ ನಲವತ್ತು ಕುದುರೆ ಇದ್ದಾಗ ಯಾರು ಓಡಿಸಬಲ್ಲರು ಅನ್ನುವುದು ಬಟ್ಟೆ ಬಿಚ್ಚಿದ ಹಾಗೆ ಕಾಣುತ್ತಿತ್ತು. ವೇಗ ಒಮ್ಮೆ ಕಳೆದುಕೊಂಡರೆ ಮತ್ತೆ ಕೂಡಿಸಲು ಎಂಜಿನ್‌ಗೆ ತಾಕತ್ತಿಲ್ಲ. ಬ್ರೇಕ್ ಮುಟ್ಟುವಾಗ ಹತ್ತು ಸಲ ಯೋಚಿಸಬೇಕು. ಕಾರ್ಬ್ಯುರೇಟರಿನ ಜೆಟ್ ಒಂದು ನಂಬರ್ ಹೆಚ್ಚು ಕಡಿಮೆ ಆದರೆ ಸುತ್ತಿನಲ್ಲಿ ಗೊತ್ತಾಗುತ್ತಿತ್ತು. ನನ್ನ ಕೈ ಪಳಗಿದ್ದು ಅವುಗಳಲ್ಲೇ. ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ಹೋದರು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಅವರ ಹೆಸರಿನದ್ದು. ಈಗ ಅಲ್ಲಿ ಸ್ವಿಫ್ಟ್ ಎಂಜಿನ್ನಿನ ಎಲ್‌ಜಿಬಿ ಫಾರ್ಮುಲಾ ಕಾರುಗಳು ಓಡುತ್ತವೆ. ಬೆಟ್ಟ ಇಳಿದು ಒಮ್ಮೆ ಹೋಗಿಬನ್ನಿ.

*

ಪ್ರಶ್ನೆ: ಇಷ್ಟೆಲ್ಲ ಹೇಳುವ ನೀವು ಎಫ್1 ಕಾರನ್ನು ಹತ್ತಿರದಿಂದ ನೋಡಿದ್ದೀರಾ?
— ಹೆಸರು ಬೇಡ ಎಂದವರು, ತುಮಕೂರು

ಉತ್ತರ: ನೋಡಿದ್ದೇನೆ ಸ್ವಾಮಿ, ಬೆಂಗಳೂರಿನಲ್ಲೇ. 2011ರ ಸೆಪ್ಟೆಂಬರ್, ನೈಸ್ ರಸ್ತೆ. ಲೂಯಿಸ್ ಹ್ಯಾಮಿಲ್ಟನ್ ಮೆಕ್ಲಾರೆನ್ ತಂದು ಓಡಿಸಿದರು. 2.4 ಲೀಟರ್ ವಿ8. ಸ್ಟಾರ್ಟ್ ಮಾಡಿದಾಗ ಪಕ್ಕದಲ್ಲಿದ್ದ ಮಗು ಅಳಲು ಬಾಯಿ ತೆರೆದದ್ದು ಕಂಡಿತು, ಅತ್ತದ್ದು ಕೇಳಲಿಲ್ಲ. ಅಂಗಿ ಗುಂಡಿ ನಡುಗುತ್ತಿತ್ತು. ಜೇಬಿನಲ್ಲಿ ಶ್ರೀಪೆರಂಬುದೂರಿನ ಅದೇ ಸ್ಟಾಪ್‌ವಾಚ್ ಇತ್ತು, ತೆಗೆಯಲಿಲ್ಲ. ನೆಟ್ಟಗಿನ ರಸ್ತೆ, ಒಂದು ತಿರುವಿಲ್ಲ, ಏನು ಅಳೆಯುವುದು? ಹೋದರು, ಬಂದರು, ನಿಂತಲ್ಲೇ ಗಿರಗಿರ ಸುತ್ತಿ ಹೊಗೆ ಎಬ್ಬಿಸಿದರು.

ಜನ ಕರಗಿದ ಮೇಲೆ ರಸ್ತೆಯ ಅಂಚಿನಲ್ಲಿ ಟೈರಿನಿಂದ ಕಿತ್ತು ಬಂದ ರಬ್ಬರಿನ ಒಂದು ತುಣುಕು ಸಿಕ್ಕಿತು. ಹುಣಸೆ ಬೀಜದಷ್ಟು, ಆಗಲೂ ಬೆಚ್ಚಗಿತ್ತು, ಬೆರಳಿಗೆ ಅಂಟುತ್ತಿತ್ತು. ವಾಲ್ವ್ ಶಿಮ್ ಹಾಕಿಡುವ ತಗಡಿನ ಡಬ್ಬಿಯಲ್ಲಿದೆ. ಈಗ ಕಲ್ಲಿನ ಹಾಗೆ ಗಟ್ಟಿ. ಶಿಮ್ ಹುಡುಕುವಾಗ ಅದೇ ಮೊದಲು ಕೈಗೆ ಸಿಗುತ್ತೆ.